ಕೋಟೆ, ಕೆರೆ ಮತ್ತು ಒಂದು ಹಳೆಯ ರೀಲು

ನನ್ನ ತಂಗಿಯ ಮಗ ಗ್ಲಾಸ್ಗೋ ನಗರದಲ್ಲಿದ್ದಾನೆ. ರಜೆ ಸಿಕ್ಕಿದಾಗಲೆಲ್ಲ ಹೆಂಡತಿ ಮಕ್ಕಳೊಡನೆ ಬ್ರಿಟನ್ ಸುತ್ತುವುದು, ಅಲ್ಲಿಯ ಸರೋವರ, ಕೋಟೆ, ಹಸಿರು ಬಯಲುಗಳ ಚಿತ್ರ ತೆಗೆದು ನನಗೆ ಕಳುಹಿಸುವುದು ಅವನ ಹವ್ಯಾಸ. ಸ್ಕಾಟ್‌ಲ್ಯಾಂಡಿನಲ್ಲಿ ಸರೋವರಕ್ಕೆ 'ಲಾಖ್' ಎನ್ನುತ್ತಾರೆ. ಅವುಗಳಲ್ಲಿ ಹೆಸರಾದ ಲಾಖ್ ನೆಸ್ ಸುಮಾರು 37 ಕಿಲೋಮೀಟರ್ ಉದ್ದವಿದೆ. ಅದರ ದಂಡೆಯ ಮೇಲೆ ಅರ್ಕರ್ಟ್ ಎಂಬ ಪಾಳುಕೋಟೆ. ಮಂಜು, ನೀರು, ಮುರಿದ ಗೋಪುರ, ಎಲ್ಲವೂ ಸೇರಿ ಆ ಚಿತ್ರ ಬಹು ಸುಂದರವಾಗಿತ್ತು. ಅದರ ಕೆಳಗೆ ಅವನು ಬರೆದಿದ್ದ: "ಇಂಥದ್ದು ನಮ್ಮ ಕಡಿ ಎಲ್ಲದರಿ ಮಾಮಾ?"

ಅವನ ಪ್ರಶ್ನೆಗೆ ಉತ್ತರ ಅವನ ಚಿತ್ರದಲ್ಲಿಯೇ ಇತ್ತು. ಅರ್ಕರ್ಟ್ ಕೋಟೆಯ ಹೆಬ್ಬಾಗಿಲು ತಾನಾಗಿ ಬಿದ್ದುದಲ್ಲ. 1692ರಲ್ಲಿ ಅಲ್ಲಿಂದ ಹೊರಟ ಸರಕಾರಿ ಸೈನಿಕರು, ಶತ್ರುಗಳಿಗೆ ಅದು ಉಪಯೋಗಕ್ಕೆ ಬಾರದಿರಲೆಂದು ಸಿಡಿಮದ್ದಿಟ್ಟು ಹಾರಿಸಿದರು. ಅದೇ ದಶಕದಲ್ಲಿ, ಔರಂಗಜೇಬನ ಆಳ್ವಿಕೆಯ ಕಾಲಕ್ಕೆ, ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿಯೂ ಸಿಡಿಮದ್ದು ಸ್ಫೋಟಗೊಂಡು, 1472ರಲ್ಲಿ ಕಟ್ಟಿದ್ದ ಆ ಮಹಾವಿದ್ಯಾಲಯದ ಒಂದು ಪಾರ್ಶ್ವವೇ ಕುಸಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು. ಅಲ್ಲಿಯ ಪಾಳುಗೋಡೆಯ ಮುಂದೆ ನಿಂತು ಜಗತ್ತು ಚಿತ್ರ ತೆಗೆದುಕೊಳ್ಳುತ್ತದೆ. ಇಲ್ಲಿಯ ಮಿನಾರಿನ ಮಗ್ಗುಲಿನಿಂದ ನಾವು ದಿನವೂ ಸಂತೆಗೆ ಹೋಗುತ್ತೇವೆ. ಕಣ್ಣಿಗೆ ರೂಢಿಯಾದುದು ಕಾಣುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿವೃತ್ತನಾದ ಮೇಲೆ ನಾನು ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ಜಿಲ್ಲೆಯನ್ನು ಹೊಸಬನಂತೆ ನೋಡತೊಡಗಿದ್ದೇನೆ. ಬೀದರಿನ ಕೋಟೆ ಜಂಬಿಟ್ಟಿಗೆ ಕಲ್ಲಿನದು. ಬಿರುಬೇಸಗೆಯ ನಡುಹಗಲಿನಲ್ಲಿ ಅದರ ಗೋಡೆ ಮಂಕಾಗಿ ತೋರುತ್ತದೆ. ಸಂಜೆಯ ಇಳಿಬಿಸಿಲಿಗೆ ಅದೇ ಗೋಡೆ ಕೆಂಡದಂತಾಗುತ್ತದೆ. ಮಳೆ ನಿಂತ ಮರುದಿನ ಕಲ್ಲು ಕಪ್ಪುಗೆಂಪಾಗಿ, ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಸ್ಪಷ್ಟವಾಗಿ ಕಾಣುತ್ತದೆ. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕುಸುರಿಯನ್ನು ನೋಡಲು ಮಾತ್ರ ಓರೆಬೆಳಕು ಬೇಕು. ನೇರ ಬೆಳಕಿಗೆ ಅದು ಮುಖ ತೋರುವುದಿಲ್ಲ.

ಅಷ್ಟೂರಿನ ಗುಮ್ಮಟಗಳ ಮಾತೇ ಬೇರೆ. ಹುಮಾಯೂನ್ ಷಹನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧವೇ ನಿಂತಿದೆ. ಒಳಗೋಡೆ, ಹೊರಗೋಡೆ, ಗುಮ್ಮಟದ ದಪ್ಪ ಎಲ್ಲವನ್ನೂ ಸೀಳಿಟ್ಟ ಹಣ್ಣಿನಂತೆ ನೋಡಬಹುದು. ಶಿಲ್ಪಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಕಾಶೆ ಸಿಗಲಾರದು. ಪಕ್ಕದಲ್ಲಿ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಷಾ ವಲಿಯ ಗೋರಿ. ಅದರ ಒಳಮಾಳಿಗೆಯ ವರ್ಣಚಿತ್ರಗಳ ಮೇಲೆ ಫ್ಲಾಷ್ ಹಾಯಿಸದಿರಿ. ಸುಮಾರು ಆರು ನೂರು ವರ್ಷ ಬಾಳಿದ ಬಣ್ಣ ಅದು. ಈ ದೊರೆಯನ್ನು ಮುಸಲ್ಮಾನರು ವಲಿಯೆಂದೂ, ಲಿಂಗಾಯತರು ಅಲ್ಲಮಪ್ರಭುವೆಂದೂ ಪೂಜಿಸುತ್ತಾರೆ. ಉರುಸಿನ ಸಮಯಕ್ಕೆ ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದುತ್ತಾರೆ. ಶಂಖನಾದ ಚಿತ್ರದಲ್ಲಿ ಮೂಡುವುದಿಲ್ಲ. ಆದರೆ ಅದನ್ನು ಕೇಳಿದವನ ಚಿತ್ರ ಬೇರೆಯಾಗಿಯೇ ಬರುತ್ತದೆಂದು ನನ್ನ ನಂಬಿಕೆ.

ಬೀದರಿನ ಕೆಂಪು ನೆಲವನ್ನು ಇಳಿದು ಭಾಲ್ಕಿ, ಔರಾದ ಕಡೆ ಹೋದರೆ ಎರೆಭೂಮಿ ತೊಡಗುತ್ತದೆ. ಶ್ರಾವಣದಲ್ಲಿ ಹೆಸರು, ಉದ್ದು, ಸೋಯಾ, ತೊಗರಿಯ ಹೊಲಗಳು ದಿಗಂತದವರೆಗೆ ಹಸಿರಾಗಿರುತ್ತವೆ. ಅದೃಷ್ಟವಿದ್ದರೆ ಔರಾದ ದಾರಿಯಲ್ಲಿ ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ನಾವು ಮುದುಕರು ಜೀಪು ನಿಲ್ಲಿಸಿ ಇಳಿಯುವಷ್ಟರಲ್ಲಿ ಅವು ಮೂರು ಹೊಲ ದಾಟಿರುತ್ತವೆ. ಬೆಳೆ ಮೇಯ್ದ ಮೃಗಗಳನ್ನು ರೈತ ಬೈಯುತ್ತಾನೆ, ಆದರೂ ಹೊಲದ ಬದುವಿನಲ್ಲಿ ನಿಂತು ನಮಗೆ ಅವು ಹೋದ ದಿಕ್ಕನ್ನು ಅಭಿಮಾನದಿಂದ ತೋರಿಸುತ್ತಾನೆ.

ಇನ್ನು ನಮ್ಮ 'ಲಾಖ್' ಯಾವುದು? ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ, ಮಾಂಜ್ರಾ ನದಿಯ ಉಪನದಿಯಾದ ಕಾರಂಜಾಕ್ಕೆ ಕಟ್ಟಿದ ಜಲಾಶಯ. ಮುಂಜಾನೆ ಅದರ ಹಿನ್ನೀರಿನ ದಂಡೆಯಲ್ಲಿ ನಿಂತರೆ ಯಾವ ದೇಶದ ಸರೋವರಕ್ಕೂ ಅದು ಕಡಿಮೆಯೆನಿಸುವುದಿಲ್ಲ. ನಾನು ಆ ನೀರಿನ ಚಿತ್ರವನ್ನು ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಳುಹಿಸಿದೆ. ಎಲ್ಲರೂ ಹೊಗಳಿದರು. ಪುಣೆಯಲ್ಲಿ ನೌಕರಿಯಲ್ಲಿರುವ ಒಬ್ಬ ಮಾತ್ರ ಎರಡು ದಿನ ಸುಮ್ಮನಿದ್ದು ಫೋನು ಮಾಡಿದ. "ಸರ್, ಫೋಟೋ ಛಲೋ ಬಂದದ್ರಿ. ಅದರ ಕೆಳಗ ನಮ್ಮ ಮನಿ ಅದರಿ" ಎಂದ.

ಆಗ ನೆನಪಾಯಿತು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಹುಡುಗನ ಊರು ಮುಳುಗಡೆಗೆ ಸೇರಿತ್ತು. ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಕೈಯಲ್ಲಿ ಆಗ್ಫಾ ಕ್ಲಿಕ್ ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡೇ ಚಿತ್ರ, ಕಪ್ಪುಬಿಳುಪು. ಸಂಬಳದ ದಿನ ಮಾತ್ರ ರೀಲು ಕೊಳ್ಳುವ ಕಾಲ. ಜನರು ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಬಂಡಿಗೆ ಹೇರುತ್ತಿದ್ದರು. ಬಾಗಿಲಿಲ್ಲದ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಅವನ ತಂದೆಯನ್ನೂ ಎತ್ತುಗಳನ್ನೂ ನಿಲ್ಲಿಸಿ ಒಂದು ಚಿತ್ರ ತೆಗೆದಿದ್ದೆ.

ಮನೆಯ ಟ್ರಂಕಿನಲ್ಲಿದ್ದ ಲಕೋಟೆಗಳನ್ನೆಲ್ಲ ಮೂರು ದಿನ ಹುಡುಕಿದೆ. ರೀಲಿನ ಆ ತುಂಡು ಸಿಕ್ಕಿತು. ಬೀದರಿನ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದಾಗ, ಕಟ್ಟೆಯ ಮೂಲೆಯಲ್ಲಿ ಸೆರಗು ಹೊದ್ದು ಕುಳಿತ ಒಬ್ಬ ಮುದುಕಿ ಕಾಣಿಸಿದಳು. ಚಿತ್ರವನ್ನು ಕಳುಹಿಸಿದ ರಾತ್ರಿಯೇ ಮತ್ತೆ ಫೋನು ಬಂತು. "ಸರ್, ನಮ್ಮ ಆಯಿರಿ. ಆಕಿದು ಬ್ಯಾರೆ ಫೋಟೋನೇ ಇಲ್ರಿ" ಎಂದವನ ದನಿ ಅಲ್ಲಿಗೇ ನಿಂತಿತು. ಊರು ಬಿಟ್ಟ ಮೇಲೆ ಆಕೆ ಬಹಳ ದಿನ ಬದುಕಲಿಲ್ಲವಂತೆ.

ಬ್ರಿಟನ್ನಿನಲ್ಲಿಯೂ ಇಂಥ ನೀರುಗಳಿವೆ. ಡರ್ಬಿಶೈರಿನ ಲೇಡಿಬೋವರ್ ಜಲಾಶಯದಲ್ಲಿ 1940ರ ದಶಕದಲ್ಲಿ ಡರ್ವೆಂಟ್, ಆಷಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದವು. ಡರ್ವೆಂಟಿನ ಇಗರ್ಜಿಯ ಗೋಪುರವೊಂದು ನೀರಿನ ಮೇಲೆ ಕೆಲಕಾಲ ನಿಂತಿದ್ದು, 1947ರಲ್ಲಿ ಅದನ್ನೂ ಕೆಡವಿದರು. ಜಲಾಶಯದಿಂದ ಹೊಲಕ್ಕೆ, ಊರಿಗೆ ನೀರು ಬಂತೆಂಬುದು ನಿಜ. ಯಾರದೋ ಅಂಗಳ ಅದಕ್ಕೆ ಬೆಲೆಯಾಯಿತೆಂಬುದೂ ಅಷ್ಟೇ ನಿಜ. ಸುಂದರವಾದ ನೀರಿನ ಚಿತ್ರದಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಕೋಟೆ, ಗುಮ್ಮಟಗಳನ್ನು ದಾಖಲಿಸಿದವರು ಇದ್ದಾರೆ. ಬರ್ಜೆಸ್ ಸಾಹೇಬರ ವರದಿ 1878ರಲ್ಲಿಯೇ ಬಂತು. ಹೈದರಾಬಾದಿನ ಗುಲಾಂ ಯಜ್ದಾನಿಯವರು 1947ರಲ್ಲಿ ಬೀದರಿನ ಸ್ಮಾರಕಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ಆದರೆ ನಿಮ್ಮ ಅಜ್ಜನ ಪಡಸಾಲೆಯನ್ನು, ಓಣಿಯ ಬಾವಿಯನ್ನು, ಕಟ್ಟೆಯ ಮೇಲೆ ಕುಳಿತ ಆಯಿಯನ್ನು ದಾಖಲಿಸಲು ಯಾವ ಸಾಹೇಬನೂ ಬರುವುದಿಲ್ಲ. ಈಗ ಎಲ್ಲರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ, ರೀಲಿನ ಖರ್ಚಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಈ ಕೆಲಸ ಮಾಡಿರಿ. ಹಳೆಯ ಚಿತ್ರಗಳಿದ್ದರೆ, ಗುರುತು ಹಿಡಿಯುವ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷ ಬರೆದಿಡಿರಿ. ಮೇಷ್ಟರು ಕೊಟ್ಟ ಮನೆಪಾಠವೆಂದೇ ತಿಳಿಯಿರಿ.