ಹೆಸರಿನ ಕ್ರಯ

ನಮ್ಮ ಉಪ್ಪಿನಂಗಡಿಯ ಸೀಮೆಯಲ್ಲಿ "ಇಂಥವರು ತೋಟ ಮಾರಿದರಂತೆ" ಎಂದು ಯಾರಾದರೂ ಹೇಳಿದರೆ, ಆ ಮನೆಗೆ ಏನೋ ಕೇಡು ಬಂತೆಂದೇ ನಾವು ತಿಳಿಯುತ್ತೇವೆ. ಅಡಿಕೆಯನ್ನು ಮಾರಬಹುದು, ಅಡಿಕೆಮರ ನಿಂತ ನೆಲವನ್ನು ಮಾರಬಾರದು. ಕೃಷಿಕರಿಗೆ ಈ ಭಾವನೆಯು ಯುಕ್ತವಾದುದೇ ಸರಿ. ಆದರೆ ಒಂದು ಉದ್ಯಮವನ್ನು ಕಟ್ಟಿ ಬೆಳೆಯಿಸಿ ಮಾರಿದವರನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದೇ? ಪ್ರಿಯ ಸಹೋದರಿಯರೇ, ಇದನ್ನು ನಿಮ್ಮೊಂದಿಗೆ ವಿಚಾರಿಸುವುದಕ್ಕಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ದೃಷ್ಟಾಂತಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಕೋಟದ ಸಮೀಪದ ಪಾರಂಪಳ್ಳಿಯಿಂದ ಘಟ್ಟ ಹತ್ತಿದ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ 1924ರಲ್ಲಿ ಬೆಂಗಳೂರಿನಲ್ಲಿ ಒಂದು ಫಲಾಹಾರ ಮಂದಿರವನ್ನು ತೆರೆದರು. ಅದು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದೂ, ಸಂಕ್ಷೇಪವಾಗಿ ಎಂ. ಟಿ. ಆರ್. ಎಂದೂ ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದಲೇ ಇಡ್ಲಿ ಮಾಡಿದುದು ಆ ಅಡಿಗೆಮನೆಯವರ ಜಾಣ್ಮೆ ಎಂದು ಹೇಳುತ್ತಾರೆ. ಕೊರತೆಯನ್ನೇ ಭಕ್ಷ್ಯವನ್ನಾಗಿ ಮಾಡುವ ಈ ವಿದ್ಯೆಯು ನಮ್ಮ ಅಜ್ಜಿಯಂದಿರಿಗೆ ಹೊಸದಲ್ಲ. ಅವರ ಅಡಿಗೆಗೆ ಚರಿತ್ರೆ ಬರೆಯುವವರು ಸಿಕ್ಕಲಿಲ್ಲ, ಅಷ್ಟೇ.

1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ಹೋಟೆಲುಗಳ ತಿಂಡಿಯ ಕ್ರಯವನ್ನು ಬಹಳ ಇಳಿಸಿತು. ಆ ಕ್ರಯಕ್ಕೆ ತಮ್ಮ ಗುಣಮಟ್ಟದ ತಿಂಡಿಯನ್ನು ಕೊಡಲಾಗದೆ ಹೋಟೆಲು ಬಾಗಿಲು ಮುಚ್ಚಬೇಕಾಯಿತು. ಕೆಲಸಗಾರರನ್ನು ಬೀದಿಗೆ ಬಿಡದೆ, ಇಡ್ಲಿ ಮುಂತಾದವುಗಳ ಸಿದ್ಧ ಹಿಟ್ಟುಗಳನ್ನೂ ಮಸಾಲೆ ಪುಡಿಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟೆಲು ಪುನಃ ತೆರೆಯಿತು. ಆದರೆ ಪೊಟ್ಟಣದ ವ್ಯಾಪಾರವು ಅದನ್ನು ಮೀರಿ ಬೆಳೆಯಿತು. ಯಜ್ಞನಾರಾಯಣ ಮಯ್ಯರ ಮಗ ಸದಾನಂದ ಮಯ್ಯರು ಅದನ್ನು ದೇಶವಿದೇಶಗಳಿಗೆ ಮುಟ್ಟಿಸಿದರು.

ಇಂಥ ಬೆಳವಣಿಗೆಗೆ ಯಂತ್ರಗಳು ಬೇಕು, ಯಂತ್ರಗಳಿಗೆ ಬಂಡವಾಳ ಬೇಕು. ಹೊರಗಿನ ಬಂಡವಾಳಗಾರರು ಹಣ ಕೊಟ್ಟು ಪಾಲು ಪಡೆಯುತ್ತಾರೆ. ಆ ಪಾಲನ್ನು ಒಂದು ದಿನ ಲಾಭಕ್ಕೆ ಮಾರಿಯೇ ಹೊರಡುತ್ತಾರೆ. ಆದುದರಿಂದ ಅವರ ಹಣವನ್ನು ಮನೆಯೊಳಗೆ ಕರೆದ ದಿನವೇ ಮಾರಾಟದ ಮಾತೂ ಹೊಸ್ತಿಲು ದಾಟಿತೆಂದು ತಿಳಿಯಬೇಕು. ಎಂ. ಟಿ. ಆರ್. ಫುಡ್ಸ್‌ನಲ್ಲಿಯೂ ಅಂಥವರ ಹಣವಿತ್ತು. 2007ರಲ್ಲಿ ಆ ಕಂಪೆನಿಯನ್ನು ನಾರ್ವೆ ದೇಶದ ಆರ್ಕ್ಲಾ ಸಂಸ್ಥೆಯು ಕೊಂಡುಕೊಂಡಿತು.

ಇನ್ನು ಸೋಜಿಗವನ್ನು ನೋಡಿರಿ. ಅಂದು ಕೈಬದಲಾದುದರಲ್ಲಿ ಕಾರ್ಖಾನೆಯ ಗೋಡೆಗಳಿಗಿಂತ ಹೆಚ್ಚು ಬೆಲೆಯುಳ್ಳುದು ಮೂರಕ್ಷರದ ಹೆಸರು. ಸದಾನಂದ ಮಯ್ಯರು ಅನಂತರ ಪುನಃ ಆಹಾರದ ಉದ್ಯಮಕ್ಕೆ ಕೈಯಿಕ್ಕಿದಾಗ 'ಮಯ್ಯಾಸ್' ಎಂಬ ಬೇರೆ ಹೆಸರನ್ನು ಇಡಬೇಕಾಯಿತು. ಕೈಯ ರುಚಿ ಅವರೊಂದಿಗೆ ಬಂತು, ಹೆಸರು ಬರಲಿಲ್ಲ. ಹೋಟೆಲು ಮಾತ್ರ ಪ್ರತ್ಯೇಕವಾಗಿ ಕುಟುಂಬದ ಇನ್ನೊಂದು ಶಾಖೆಯಲ್ಲಿಯೇ ಉಳಿಯಿತು. ಅದನ್ನು ಹೇಮಮಾಲಿನಿ ಮಯ್ಯ ಎಂಬ ಮಹಿಳೆಯು ತನ್ನ ಸಹೋದರರೊಡನೆ ನಡೆಯಿಸಿಕೊಂಡು ಬಂದಿರುವುದು ನಮಗೆ ವಿಶೇಷವಾಗಿ ಸಂತೋಷವನ್ನುಂಟುಮಾಡುತ್ತದೆ. ನಮ್ಮೂರಿನ ಸಂಗಮದಲ್ಲಿಯೂ ಕುಮಾರಧಾರೆಯು ನೇತ್ರಾವತಿಯನ್ನು ಸೇರಿದ ಮೇಲೆ ನೀರು ಎರಡರದೂ, ಹೆಸರು ಒಂದರದೇ ಅಲ್ಲವೇ?

ಇದನ್ನು ನಾವು ಕೇಡೆನ್ನಲಾರೆವು. ಯೋಗ್ಯ ಕ್ರಯಕ್ಕೆ, ತಿಳಿದು ಮಾರಿದುದು ಸೋಲಲ್ಲ. ತಿಳಿಯದೆ, ಕ್ರಯವನ್ನೂ ಪಡೆಯದೆ ಹೆಸರನ್ನು ಬಿಟ್ಟುಕೊಡುವುದೇ ನಮಗೆ ಹೆಚ್ಚು ವ್ಯಸನಕರವಾಗಿ ತೋರುತ್ತದೆ. ಅದು ನಮ್ಮ ಮನೆಗಳಲ್ಲಿಯೇ ನಡೆಯುತ್ತದೆ. ಬೇಸಗೆಯಲ್ಲಿ ಹಲಸಿನ ತೊಳೆ ಬಿಡಿಸಿ, ಬೇಯಿಸಿ, ಅರೆದು, ಅಂಗಳದ ಬಿಸಿಲಲ್ಲಿ ಬೆನ್ನು ಬಾಗಿಸಿ ಹಪ್ಪಳ ಒಣಗಿಸುವವರು ನಮ್ಮ ತಾಯಂದಿರು. ಕಟ್ಟು ಅಂಗಡಿಗೆ ಹೋಗುತ್ತದೆ. ಅಂಗಡಿಯವನು ತನ್ನ ಚೀಟಿಯನ್ನು ಅದಕ್ಕೆ ಅಂಟಿಸುತ್ತಾನೆ. ಮಂಗಳೂರಿನಲ್ಲಿ ಅದನ್ನು ಕರಿದು ತಿಂದು ಮೆಚ್ಚಿದವರು ಮರುವರ್ಷ ಕೇಳುವುದು ಆ ಚೀಟಿಯ ಹೆಸರನ್ನು. ಈ ಬೇಸಗೆಯ ಕಟ್ಟುಗಳು ಮನೆಯಿಂದ ಹೊರಡುವ ಮೊದಲೇ ಚೀಟಿಯ ಮೇಲೆ ಏನು ಬರೆಯಬೇಕೆಂಬುದನ್ನು, ಓದು ಬರಹ ಬಲ್ಲ ನೀವು, ತಾಯಂದಿರೊಡನೆ ಕುಳಿತು ಆಲೋಚಿಸಿರಿ.