ಬದಲಾಗುವ ವಿಳಾಸ

ಪೀಣ್ಯದ ನಮ್ಮ ಬಾಡಿಗೆ ಮನೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ರೌಟರ್‌ಗೆ ಹೊಸ ಐಪಿ ವಿಳಾಸ ಸಿಗುತ್ತಿತ್ತು. ಅದಕ್ಕೆ ಜೋಡಿಸಿದ್ದ ಪುಟ್ಟ ರಾಸ್ಪ್‌ಬೆರಿ ಪೈನಲ್ಲಿ ನನ್ನ ಸಂಶೋಧನೆಯ ಧ್ವನಿಮುದ್ರಣಗಳಿದ್ದವು. ತೀರಿಕೊಂಡ ಅಜ್ಜಿಯ ಬೀಸುವ ಪದಗಳೂ ಅಲ್ಲೇ. "ಅಜ್ಜಿ ದನಿ ಇವತ್ತೂ ಬರ್ತಿಲ್ಲ ಕಣೋ" ಎಂದು ಅಮ್ಮ ಊರಿನಿಂದ ಫೋನು ಮಾಡುತ್ತಿದ್ದಳು.

ಒಂದು ಭಾನುವಾರ ಡೈನಾಮಿಕ್ ಡಿಎನ್‌ಎಸ್ ಹೊಂದಿಸಿದೆ. ಉಪಾಯ ಸರಳ: ಹೆಸರು ಅದೇ ಇರುತ್ತದೆ, ಅಂಕಿ ಮಾತ್ರ ಬದಲಾಗುತ್ತದೆ. ಕ್ರಾನ್ ಐದು ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಓಡಿಸುತ್ತದೆ. ವಿಳಾಸ ಬದಲಾಗಿದ್ದರೆ ದಾಖಲೆ ತಿದ್ದುತ್ತದೆ. ಹಳೆಯ ವಿಳಾಸವನ್ನು ಯಾರೂ ಬಹಳ ಹೊತ್ತು ನೆನಪಿಟ್ಟುಕೊಳ್ಳದಿರಲೆಂದು ಟಿಟಿಎಲ್ ಅನ್ನು 60 ಸೆಕೆಂಡಿಗಿಳಿಸಿದೆ.

ಕೆಲವು ತಿಂಗಳು ನಡೆಯಿತು. ಆಮೇಲೆ ಹೆಸರು ಸರಿಯಾದ ವಿಳಾಸವನ್ನೇ ತೋರಿಸಿದರೂ ಬಾಗಿಲು ತೆರೆಯದಾಯಿತು. ರೌಟರ್ ನೋಡಿದರೆ ಅದರ ವಿಳಾಸ 100.64ರಿಂದ ಶುರು. ಎಷ್ಟೋ ಮನೆಗಳಿಗೆ ಈಗ ಒಂದೇ ಸಾರ್ವಜನಿಕ ವಿಳಾಸ, ವಠಾರಕ್ಕೆಲ್ಲ ಒಂದೇ ಅಂಚೆಪೆಟ್ಟಿಗೆ ಇದ್ದಂತೆ. ಐಪಿವಿ4ನಲ್ಲಿರುವುದೇ ಸುಮಾರು 430 ಕೋಟಿ ವಿಳಾಸ. ಸಾಲದೆ ಬಂದಾಗ, 2012ರಲ್ಲಿ, ಈ ಸರಣಿಯನ್ನು ಇಂಥ ಹಂಚಿಕೆಗೆಂದೇ ಮೀಸಲಿಟ್ಟರು.

ಕೊನೆಗೆ ಕೈಹಿಡಿದದ್ದು ಐಪಿವಿ6. ಸ್ಕ್ರಿಪ್ಟ್ ಈಗ ಪೈನ ಸ್ವಂತ ವಿಳಾಸವನ್ನೇ ದಾಖಲಿಸುತ್ತದೆ. ಫೈರ್‌ವಾಲ್‌ನಲ್ಲಿ ಒಂದೇ ಒಂದು ಪೋರ್ಟ್ ತೆರೆದೆ.

ಆ ಸಂಜೆ ಅಮ್ಮನ ಫೋನು ಬರಲಿಲ್ಲ. ಮಾರನೇ ದಿನ ನಾನೇ ಕೇಳಿದೆ. "ಮೂರು ಸಲ ಕೇಳಿಸ್ಕೊಂಡೆ" ಅಂದಳು.