ಕದ್ದ ಕಾರು ಗುದ್ದಿದರೆ ಪರಿಹಾರ ಯಾರು ಕೊಡಬೇಕು?

ಶಿವನಿ ಊರಿನಲ್ಲಿ ಕೀ ಕಾರಿನಲ್ಲೇ ಬಿಟ್ಟು, "ಒಂದೇ ನಿಮಿಷ" ಅಂತ ಅಂಗಡಿಗೆ ಹೋಗುವವರನ್ನು ಕಂಡಾಗಲೆಲ್ಲ ಈ ಪ್ರಶ್ನೆ ಕಾಡುತ್ತದೆ. ಕಳ್ಳ ಆ ಕಾರು ಒಯ್ದು ಅಜ್ಜಂಪುರದ ರಸ್ತೆಯಲ್ಲಿ ಯಾರಿಗೋ ಗುದ್ದಿದರೆ? ಅವನ ಹತ್ತಿರ ಲೈಸೆನ್ಸೂ ಇಲ್ಲ, ಕೊಡಲು ದುಡ್ಡೂ ಇಲ್ಲ ಅಂತಿಟ್ಟುಕೊಳ್ಳಿ. ಪೆಟ್ಟು ತಿಂದವರ ಗತಿ?

ಇದಕ್ಕೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. 1987ರ ಸ್ಕ್ಯಾಂಡಿಯಾ ವಿಮಾ ಕಂಪನಿ ಪ್ರಕರಣದಲ್ಲಿ ಟ್ರಕ್ ಚಾಲಕ ಇಂಜಿನ್ ಆರಿಸದೆ ತಿಂಡಿ ತರಲು ಇಳಿದಿದ್ದ. ಲೈಸೆನ್ಸ್ ಇಲ್ಲದ ಕ್ಲೀನರ್ ಗಾಡಿ ಓಡಿಸಿ ಒಂದು ಜೀವ ಹೋಯಿತು. ಮಾಲೀಕರು ತಿಳಿದೂ ತಿಳಿದೂ ಪಾಲಿಸಿಯ ಷರತ್ತು ಮುರಿದಿಲ್ಲವಾದ್ದರಿಂದ ವಿಮಾ ಕಂಪನಿಯೇ ಪರಿಹಾರ ಕೊಡಬೇಕು ಎಂದಿತು ಕೋರ್ಟ್. ಅದೇ ಕೋರ್ಟಿನ 2003ರ ಲೆಹ್ರು ಪ್ರಕರಣದ ತೀರ್ಪು ಕದ್ದ ವಾಹನದ ಉದಾಹರಣೆಯನ್ನೇ ಎತ್ತಿಕೊಂಡು, ಕಳ್ಳನಿಗೆ ಲೈಸೆನ್ಸ್ ಇಲ್ಲ ಅಂತ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಎಂದಿತು.

ಇದು ನ್ಯಾಯ. ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದೇ ದಾರಿಯಲ್ಲಿ ಹೋಗುವ ಅಮಾಯಕರಿಗಾಗಿ. ಗಾಡಿ ಯಾರ ಕೈಯಲ್ಲಿತ್ತು ಅನ್ನುವುದು ಅವರ ತಪ್ಪಲ್ಲ.

ಆದರೆ ವಿಮೆ ಚಾಲ್ತಿಯಲ್ಲಿರಬೇಕು. ಗಾಡಿ ಕಳುವಾದ ಕೂಡಲೇ ಪೊಲೀಸರಿಗೆ ದೂರು ಕೊಡಿ, ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ, ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಇನ್ನೊಂದು ಮಾತು: ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳುವಾದ ನಿಮ್ಮ ಕಾರಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ದಯವಿಟ್ಟು ಇವತ್ತೇ ಪಾಲಿಸಿಯ ಕೊನೆ ದಿನಾಂಕ ನೋಡಿಕೊಳ್ಳಿ.